ತಿರುಳ್ಗನ್ನಡದ ತಿರುಕ: ರೆವರೆಂಡ್ ಉತ್ತಂಗಿ ಚನ್ನಪ್ಪನವರು

ಸರ್ವಜ್ಞನ ವಚನಗಳನ್ನು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿ ಸಂಪಾದಿಸಿದವರು ಒಬ್ಬ ಕ್ರೈಸ್ತ ಪಾದ್ರಿಗಳೆಂಬುದು ಇಂದಿನ ವಿದ್ಯಾರ್ಥಿಗೆ ಬರಿಯ ಕುತೂಹಲದ ಸಂಗತಿಯಾಗಿ ತೋರಬಹುದು. ಉತ್ತಂಗಿ ಚನ್ನಪ್ಪನವರ ಬದುಕಿನಲ್ಲಿ ಪಾದ್ರಿತನವೂ ಪಾಂಡಿತ್ಯವೂ ಬೇರೆಬೇರೆಯಾಗಿರಲಿಲ್ಲ. ಅವರ ಧಾರ್ಮಿಕ ಬರಹಗಳನ್ನು ಮತಪ್ರಚಾರದ ಸಾಹಿತ್ಯವೆಂದು ಬದಿಗಿರಿಸಿ ಸಂಪಾದನೆಯನ್ನಷ್ಟೇ ಮೆಚ್ಚುವ ನಮ್ಮ ಅಭ್ಯಾಸದಿಂದ ಎರಡಕ್ಕೂ ಅನ್ಯಾಯವಾಗಿದೆ.

ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಜನಿಸಿದರು. ಮನೆತನದ ಮೂಲ ಹಡಗಲಿ ತಾಲ್ಲೂಕಿನ ಉತ್ತಂಗಿ. ಹಿಂದಿನ ತಲೆಮಾರಿನಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ ಲಿಂಗಾಯತ ಕುಟುಂಬವದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ದೈವಜ್ಞಾನ ಶಾಲೆಯಲ್ಲಿ ಅಭ್ಯಾಸ ಮುಗಿಸಿ, ಧಾರವಾಡ ಸೀಮೆಯಲ್ಲಿ ಸಭಾಪಾಲಕರಾಗಿ ಸೇವೆ ಸಲ್ಲಿಸಿದರು. ಆ ಸೀಮೆ 1956ರವರೆಗೂ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿತ್ತೆಂಬುದನ್ನು ಭಾಂಡುಪ್, ಮಾಟುಂಗಗಳಲ್ಲಿ ಕುಳಿತು ಕನ್ನಡ ಓದುವವರಿಗೆ ಈಗ ನೆನಪಿಸಬೇಕಾಗಿದೆ.

ಬಾಸೆಲ್ ಮಿಶನ್ನಿನವರು ಕ್ರಿಸ್ತಚರಿತೆಯನ್ನು ಕನ್ನಡದ ಛಂದಸ್ಸಿಗೆ ತರುವ ಯತ್ನವನ್ನು ಮೊದಲೇ ಮಾಡಿದ್ದರು. ಕಿಟ್ಟೆಲರ ಕಥಾಮಾಲೆ 1862ರಷ್ಟು ಹಿಂದಿನದು. ಮರಾಠಿಯಲ್ಲಿ 1895ರಲ್ಲಿ ದೀಕ್ಷೆ ಪಡೆದ ನಾರಾಯಣ ವಾಮನ ಟಿಳಕರು ಅಭಂಗದ ಧಾಟಿಯಲ್ಲಿ ಕ್ರಿಸ್ತನನ್ನು ಹಾಡಿದರು. ಉತ್ತಂಗಿಯವರ ದಾರಿ ಇವೆರಡಕ್ಕಿಂತ ಕಠಿಣವಾದುದು. ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಅವರ ಕೃತಿಯ ಹೆಸರನ್ನೇ ಗಮನಿಸಬಹುದು. ಬೆತ್ಲೆಹೇಮು ಇಲ್ಲಿ ಆಜ್ಞಾಪಿಸುವುದಿಲ್ಲ, ಖಂಡಿಸುವುದಿಲ್ಲ, ಬಾಗಿಲಲ್ಲಿ ನಿಂತು ಕೇಳಿಕೊಳ್ಳುತ್ತದೆ. ಕೇಳಿಕೊಳ್ಳುವವನು ಎದುರಿಗಿರುವವನ ಹಿರಿಮೆಯನ್ನು ಮೊದಲು ಒಪ್ಪಿರಬೇಕು. ಹಾಗೆ ಒಪ್ಪಿಯೂ ತನ್ನ ಕ್ರಿಸ್ತನಿಷ್ಠೆಯನ್ನು ಸಡಿಲಿಸದಿರುವುದು ಸುಲಭಸಾಧ್ಯವಲ್ಲ.

ಈ ಮನೋಧರ್ಮದಿಂದಲೇ ಅವರ ಸರ್ವಜ್ಞ ಸಂಪಾದನೆಯೂ ಹುಟ್ಟಿದುದು. ಊರೂರು ಅಲೆದು, ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ತ್ರಿಪದಿಗಳನ್ನು ಕೂಡಿಹಾಕಿ, ಸುಮಾರು ಎರಡು ಸಾವಿರವನ್ನು ವಿಷಯಾನುಸಾರ ಪದ್ಧತಿಗಳಾಗಿ ವಿಂಗಡಿಸಿ 1924ರಲ್ಲಿ ಪ್ರಕಟಿಸಿದರು. ಇವುಗಳಲ್ಲಿ ಪ್ರಕ್ಷಿಪ್ತಗಳೆಷ್ಟು ಎಂಬ ಪ್ರಶ್ನೆ ಇನ್ನೂ ತೀರಿಲ್ಲ. ವಿಷಯವಾರು ವಿಂಗಡಣೆಯಿಂದ ಆ ಪ್ರಶ್ನೆ ತುಸು ಮರೆಯಾಯಿತೆಂದೇ ಹೇಳಬೇಕು. ಆದರೆ ಇಂದು ಆ ಪ್ರಶ್ನೆ ಎತ್ತುವವರು ಸಹ ಅವರು ಕೂಡಿಟ್ಟ ರಾಶಿಯ ಮೇಲೆಯೇ ನಿಂತಿದ್ದಾರೆ. ಜಾತಿಯ ಹೆಮ್ಮೆಯನ್ನೂ ಆಚಾರದ ಸೋಗನ್ನೂ ಬಯಲಿಗೆಳೆಯುವ ತಿರುಕನಲ್ಲಿ ಈ ಪಾದ್ರಿಗಳು ತಮ್ಮ ಬಂಧುವನ್ನು ಕಂಡಿರಬೇಕು. ತಿರುಳ್ಗನ್ನಡದ ತಿರುಕ ಎಂಬ ಹೆಸರು ಅವರಿಗೇ ನಿಂತುಹೋಯಿತು.

ಮುಂದೆ ಅವರು ಶರಣಸಾಹಿತ್ಯಕ್ಕೆ ತೊಡಗಿದರು. ಸಿದ್ಧರಾಮನನ್ನೂ ಮೋಳಿಗೆಯ ಮಾರಯ್ಯ, ಮಹಾದೇವಿಯರನ್ನೂ ಕುರಿತ ಸಂಪಾದನೆಗಳು ಈ ಕಾಲದವು. ಅನುಭವಮಂಟಪವೆಂಬುದು ನಿಜವಾಗಿ ಇತ್ತೇ, ಶೂನ್ಯಸಂಪಾದನೆಯಂತಹ ನಂತರದ ಗ್ರಂಥಗಳ ಕಲ್ಪನೆಯೇ ಎಂಬ ವಿವಾದವೆದ್ದಾಗ, ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಅವರು ಪ್ರತ್ಯೇಕ ಗ್ರಂಥವನ್ನೇ ಬರೆದರು. ಮಂಟಪದ ಪರವಾಗಿ ವಾದಿಸಲು ಹೊರಟ ಕೈ ಶಿಲುಬೆಯನ್ನು ಬಿಟ್ಟಿರಲಿಲ್ಲ. ಅವರ ವಾದವನ್ನು ಒಪ್ಪದವರೂ ಇದ್ದಾರೆ, ಇರಬೇಕಾದುದೇ. ಆದರೆ ಶರಣರು ಒಂದೆಡೆ ಕುಳಿತು ಜಾತಿಲಿಂಗಭೇದವಿಲ್ಲದೆ ಸತ್ಯವನ್ನು ವಿಚಾರಿಸಿದರೆಂಬ ನಂಬಿಕೆ ಅವರಿಗೆ ಬರಿಯ ಇತಿಹಾಸದ ವಿಷಯವಾಗಿರಲಿಲ್ಲ. ಸಭೆಯೆಂದರೆ ಹೇಗಿರಬೇಕೆಂಬ ಪಾಲಕನ ಕಳವಳವೂ ಅದರಲ್ಲಿ ಬೆರೆತಿತ್ತೆಂದು ನನ್ನ ಭಾವನೆ.

1949ರಲ್ಲಿ, ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿದ ಮರುವರ್ಷ, ಕಲಬುರಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿತು. ಎರಡು ವರ್ಷಗಳ ನಂತರ ಮುಂಬಯಿಯಲ್ಲಿ ಆ ಪೀಠಕ್ಕೆ ಬಂದವರು ಏಸುವಿನ ಕೊನೆಯ ದಿನವನ್ನು ಕನ್ನಡದಲ್ಲಿ ಕಾವ್ಯವಾಗಿಸಿದ ಗೋವಿಂದ ಪೈಗಳು. ಉತ್ತಂಗಿಯವರು 1962ರಲ್ಲಿ ತೀರಿಕೊಂಡರು.