ಗಿಟಾರ್ ನುಡಿಸಲು ಬಾರದ ಲಿಯೋ ಫೆಂಡರ್ ಮತ್ತು ಯಾರೂ ಮುಟ್ಟದ ಟೋನ್ ನಾಬ್‌ನ ಕಥೆ

ಹಳೆಯ ವಾಲ್ವ್ ರೇಡಿಯೊ ಇದ್ದ ಮನೆಯಲ್ಲಿ ಬೆಳೆದವರಿಗೆ ಅದರ ಗುಂಡಿಗಳು ನೆನಪಿರುತ್ತವೆ. ವಾಲ್ಯೂಮ್ ಗುಂಡಿಗಾಗಿ ಮನೆಮಂದಿಯೆಲ್ಲ ಜಗಳವಾಡುತ್ತಿದ್ದರು. ಪಕ್ಕದಲ್ಲೇ ಇದ್ದ ಟೋನ್ ಗುಂಡಿಯನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಎಲೆಕ್ಟ್ರಿಕ್ ಗಿಟಾರ್‌ನಲ್ಲೂ ಇದೇ ಕಥೆ. ಟೋನ್ ನಾಬನ್ನು 10ಕ್ಕೆ ತಿರುಗಿಸಿಟ್ಟು ಮರೆತುಬಿಡುವವರೇ ಹೆಚ್ಚು.

ಆದರೆ ಆ ಪುಟ್ಟ ನಾಬ್ ಬಗ್ಗೆ ಜೀವನವಿಡೀ ತಲೆಕೆಡಿಸಿಕೊಂಡವರೊಬ್ಬರಿದ್ದರು. ಅವರೇ ಅಮೆರಿಕದ ಲಿಯೋ ಫೆಂಡರ್. ಟೆಲಿಕಾಸ್ಟರ್, ಸ್ಟ್ರಾಟೋಕಾಸ್ಟರ್‌ನಂಥ ಹೆಸರಾಂತ ಗಿಟಾರ್‌ಗಳನ್ನು ಜಗತ್ತಿಗೆ ಕೊಟ್ಟ ಇವರಿಗೆ ಗಿಟಾರ್ ನುಡಿಸಲು ಬರುತ್ತಲೇ ಇರಲಿಲ್ಲ!

ಲೆಕ್ಕಪತ್ರ ಓದಿದ ರೇಡಿಯೊ ಹುಚ್ಚ

ಲಿಯೋ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳ ಸೀಮೆಯಲ್ಲಿ. ಎಂಟನೇ ವಯಸ್ಸಿನಲ್ಲಿ ಗಡ್ಡೆಯಿಂದಾಗಿ ಒಂದು ಕಣ್ಣು ಹೋಯಿತು. ಆ ಜಾಗಕ್ಕೆ ಗಾಜಿನ ಕಣ್ಣು ಬಂತು. ಶಾಲೆಯಲ್ಲಿದ್ದಾಗ ಪಿಯಾನೊ, ಸ್ಯಾಕ್ಸೋಫೋನ್ ಕಲಿಯಲು ಯತ್ನಿಸಿದರೂ ಸಂಗೀತ ಕೈಗೆ ಹತ್ತಲಿಲ್ಲ. ಮನಸ್ಸೆಲ್ಲ ರೇಡಿಯೊ ಬಿಡಿಭಾಗಗಳ ಮೇಲಿತ್ತು.

ಫುಲ್ಲರ್ಟನ್ ಊರಿನ ಜೂನಿಯರ್ ಕಾಲೇಜಿನಲ್ಲಿ ಅವರು ಓದಿದ್ದು ಲೆಕ್ಕಪತ್ರ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಲೆಕ್ಕಿಗನ ಕೆಲಸ ಕೈತಪ್ಪಿತು. 1938ರಲ್ಲಿ 600 ಡಾಲರ್ ಸಾಲ ಮಾಡಿ ಅದೇ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು. ಸಂಗೀತಗಾರರು ತಮ್ಮ ಆಂಪ್ಲಿಫಯರ್‌ಗಳನ್ನು ದುರಸ್ತಿಗೆ ತರತೊಡಗಿದರು. ಕೆಟ್ಟ ಪೆಟ್ಟಿಗೆಯ ಜೊತೆಗೆ ಅವರ ದೂರುಗಳೂ ಅಂಗಡಿಗೆ ಬಂದವು. ಲಿಯೋ ತಮಗೆ ಬಾರದ ವಿದ್ಯೆಯನ್ನು ಅರಿತದ್ದು ಹೀಗೆ, ಇನ್ನೊಬ್ಬರ ಮಾತಿಗೆ ಕಿವಿಗೊಟ್ಟು.

ಮೊದಲ ಊಹೆ ತಪ್ಪಾಯಿತು

ಟೋನ್ ನಾಬ್ ಕೆಲಸ ಮಾಡುವ ಬಗೆ ಸರಳ. ತಂತಿಯ ಕಂಪನವನ್ನು ಪಿಕಪ್ ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ನಾಬ್ ಕೆಳಗೊಂದು ಪುಟ್ಟ ಕೆಪಾಸಿಟರ್ ಇರುತ್ತದೆ. ನಾಬನ್ನು ಇಳಿಸಿದಷ್ಟೂ ದನಿಯ ಚೂಪಾದ ಅಂಶ ಅದರ ಮೂಲಕ ಸೋರಿಹೋಗಿ, ದುಂಡನೆಯ ಮಂದ್ರ ದನಿ ಉಳಿಯುತ್ತದೆ. ಅಂದರೆ ಈ ನಾಬ್ ದನಿಗೆ ಹೊಸದೇನನ್ನೂ ಸೇರಿಸುವುದಿಲ್ಲ, ಇರುವುದನ್ನು ಕಡಿಮೆ ಮಾಡುತ್ತದೆ ಅಷ್ಟೇ.

1950ರಲ್ಲಿ ಲಿಯೋ ಬ್ರಾಡ್‌ಕಾಸ್ಟರ್ ಎಂಬ ಗಟ್ಟಿ ಮರದ ಗಿಟಾರ್ ತಂದರು. ಆ ಹೆಸರಿಗೆ ಬೇರೆ ಕಂಪನಿಯಿಂದ ಆಕ್ಷೇಪ ಬಂದಿದ್ದರಿಂದ 1951ರಲ್ಲಿ ಅದು ಟೆಲಿಕಾಸ್ಟರ್ ಆಯಿತು. ಅಚ್ಚರಿಯೆಂದರೆ, ಅದರಲ್ಲಿ ಇಂದಿನ ಅರ್ಥದ ಟೋನ್ ನಾಬ್ ಇರಲಿಲ್ಲ. ಎರಡನೇ ನಾಬ್ ಇದ್ದದ್ದು ಎರಡು ಪಿಕಪ್‌ಗಳ ದನಿಯನ್ನು ಬೆರೆಸಲು. ಸ್ವಿಚ್ಚನ್ನು ಒಂದು ಬದಿಗೆ ತಳ್ಳಿದರೆ ತಾನಾಗಿಯೇ ಗಾಢ ಮಂದ್ರ ದನಿ ಬರುತ್ತಿತ್ತು. ಗಿಟಾರ್ ವಾದಕನೇ ಬೇಸ್ ಭಾಗವನ್ನೂ ನುಡಿಸಿಕೊಳ್ಳಲಿ ಎಂಬ ಲೆಕ್ಕಾಚಾರ ಅದು. ವಾದಕನಿಗೆ ಬೇಕಾದ ದನಿ ಯಾವುದೆಂದು ಲಿಯೋ ತಾವೇ ತೀರ್ಮಾನಿಸಿದ್ದರು.

ಆ ಊಹೆ ಬಹುಕಾಲ ನಿಲ್ಲಲಿಲ್ಲ. ಬೇಸ್ ನುಡಿಸಲೆಂದೇ 1951ರಲ್ಲಿ ಅವರದೇ ಪ್ರಿಸಿಶನ್ ಬೇಸ್ ಗಿಟಾರ್ ಬಂತು. 1952ರಲ್ಲಿ ಟೆಲಿಕಾಸ್ಟರ್‌ನ ವೈರಿಂಗ್ ಬದಲಿಸಿ, ಬೆರೆಸುವ ನಾಬ್ ತೆಗೆದು ನಿಜವಾದ ಟೋನ್ ನಾಬ್ ಕೂರಿಸಿದರು. ದನಿ ಎಷ್ಟು ಚೂಪಾಗಿರಬೇಕು ಎಂಬ ತೀರ್ಮಾನ ವಾದಕನ ಬೆರಳಿಗೆ ಹೋಯಿತು. ಆದರೂ ಆ ಗಾಢ ದನಿಯ ಸ್ಥಾನವನ್ನು ಅವರು ಕೈಬಿಡಲಿಲ್ಲ. ಅದು ಹೋಗಿದ್ದು 1967ರಲ್ಲಿ, ಕಂಪನಿ ಅವರ ಕೈಯಲ್ಲಿ ಇಲ್ಲದಿದ್ದಾಗ.

ಮೂರು ಪಿಕಪ್, ಎರಡೇ ಟೋನ್

1954ರ ಸ್ಟ್ರಾಟೋಕಾಸ್ಟರ್‌ನಲ್ಲಿ ಮೂರು ಪಿಕಪ್‌ಗಳಿದ್ದವು. ಹವಾಯಿಯಿಂದ ಬಂದಿದ್ದ ಸ್ಟೀಲ್ ಗಿಟಾರ್ ವಾದಕ ಫ್ರೆಡ್ಡಿ ಟವಾರೆಸ್ ಅದರ ವಿನ್ಯಾಸಕ್ಕೆ ನೆರವಾದರು. ನುಡಿಸುತ್ತಲೇ ಕಿರುಬೆರಳಿಗೆ ಸಿಗುವಷ್ಟು ಹತ್ತಿರದಲ್ಲಿ ಒಂದು ವಾಲ್ಯೂಮ್, ಅದರಾಚೆ ಎರಡು ಟೋನ್ ನಾಬ್‌ಗಳು. ಆದರೆ ಎಲ್ಲಕ್ಕಿಂತ ಚೂಪಾಗಿ ಕೇಳುವ, ಬ್ರಿಡ್ಜ್ ಬಳಿಯ ಪಿಕಪ್‌ಗೆ ಟೋನ್ ನಾಬ್ ಇಡಲೇ ಇಲ್ಲ! ತಗ್ಗಿಸುವ ಅಗತ್ಯ ಹೆಚ್ಚಾಗಿ ಬೀಳುವುದೇ ಅಲ್ಲಿ. ಇಂದಿಗೂ ಅನೇಕ ವಾದಕರು ಒಂದು ತುಂಡು ವೈರ್ ಬೆಸುಗೆ ಹಾಕಿಸಿ ಈ ಕೊರತೆ ತುಂಬಿಕೊಳ್ಳುತ್ತಾರೆ.

ನಾಬ್‌ನ ನಿಜವಾದ ಬೆಲೆ ತೋರಿಸಿಕೊಟ್ಟವರೂ ವಾದಕರೇ. ರಾಯ್ ಬ್ಯುಕನನ್ ತಮ್ಮ 1953ರ ಟೆಲಿಕಾಸ್ಟರ್‌ನಲ್ಲಿ ವಾಲ್ಯೂಮ್, ಟೋನ್ ನಾಬ್‌ಗಳನ್ನು ನುಡಿಸುವಾಗಲೇ ತಿರುಗಿಸಿ ಗಿಟಾರ್ ಬಿಕ್ಕಿ ಅಳುವಂತೆ ಮಾಡುತ್ತಿದ್ದರು. ಎರಿಕ್ ಕ್ಲಾಪ್ಟನ್ 1960ರ ದಶಕದ ಕೊನೆಯಲ್ಲಿ ಗಿಬ್ಸನ್ ಗಿಟಾರ್‌ನ ಟೋನನ್ನು ಪೂರಾ ಇಳಿಸಿ, ಆಂಪ್ಲಿಫಯರನ್ನು ಜೋರಾಗಿಟ್ಟು, ಹಾಡುವ ಕಂಠದಂಥ ದನಿ ಹೊರಡಿಸಿದರು. ಮಂದಗೊಳಿಸಲೆಂದು ಇಟ್ಟ ನಾಬ್ ಭಾವ ತುಂಬುವ ಸಾಧನವಾಯಿತು.

ಮಾರಿದ ಮೇಲೂ ಬಿಡಲಿಲ್ಲ

ಆರೋಗ್ಯ ಕೆಟ್ಟಿದ್ದ ಲಿಯೋ 1965ರ ಜನವರಿಯಲ್ಲಿ ಕಂಪನಿಯನ್ನು 1.3 ಕೋಟಿ ಡಾಲರ್‌ಗೆ ಸಿಬಿಎಸ್ ಸಂಸ್ಥೆಗೆ ಮಾರಿದರು. ತಮ್ಮ ಹೆಸರೂ ಜೊತೆಗೇ ಹೋಯಿತು. ಆರಾಮವಾಗಿ ಕೂರಬಹುದಿತ್ತು. ಆದರೆ ಆರೋಗ್ಯ ಸುಧಾರಿಸಿತು, ಕೈ ಮತ್ತೆ ಕೆಲಸ ಬೇಡಿತು.

ಮ್ಯೂಸಿಕ್ ಮ್ಯಾನ್ ಕಂಪನಿ ಸೇರಿದ ಅವರು 1976ರ ಸ್ಟಿಂಗ್‌ರೇ ಬೇಸ್ ಗಿಟಾರ್‌ಗೆ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇಟ್ಟರು. ಇಲ್ಲಿ ದನಿಯನ್ನು ಕಡಿಮೆ ಮಾಡುವುದಷ್ಟೇ ಅಲ್ಲ, ಹೆಚ್ಚಿಸಲೂ ಸಾಧ್ಯವಾಯಿತು. ಬಳಿಕ ಹಳೆಯ ಜೊತೆಗಾರ ಜಾರ್ಜ್ ಫುಲ್ಲರ್ಟನ್ ಜೊತೆ ಜಿ ಅಂಡ್ ಎಲ್ ಕಂಪನಿ ಕಟ್ಟಿದರು. ಅಲ್ಲಿನ ಗಿಟಾರ್‌ಗಳಲ್ಲಿ ಟ್ರೆಬಲ್‌ಗೊಂದು, ಬೇಸ್‌ಗೊಂದು ಎಂದು ಪ್ರತ್ಯೇಕ ನಾಬ್‌ಗಳನ್ನು ಕೊಟ್ಟರು. ಅವು ಎಲ್ಲ ಪಿಕಪ್‌ಗಳಿಗೂ ಅನ್ವಯಿಸುತ್ತಿದ್ದವು. 1954ರಲ್ಲಿ ಬಿಟ್ಟುಹೋಗಿದ್ದ ಬ್ರಿಡ್ಜ್ ಪಿಕಪ್‌ಗೂ ಕೊನೆಗೆ ಅದರ ಪಾಲು ಸಿಕ್ಕಿತು.

ಪಾರ್ಕಿನ್ಸನ್ ಕಾಯಿಲೆ ಕಾಡುತ್ತಿದ್ದರೂ ಲಿಯೋ ದಿನವೂ ತಮ್ಮ ಕೆಲಸದ ಮೇಜಿಗೆ ಬರುತ್ತಿದ್ದರು. ನಿಧನರಾಗುವ ಹಿಂದಿನ ದಿನವೂ ಅಲ್ಲಿದ್ದರು. 1991ರ ಮಾರ್ಚ್ 21ರಂದು, 81ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಮರುವರ್ಷ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರ ಹೆಸರನ್ನು ಸೇರಿಸಿಕೊಂಡಿತು.

ಒಂದು ರಾಗವನ್ನೂ ನುಡಿಸದ ವ್ಯಕ್ತಿ ನಾಲ್ಕು ದಶಕ ಕೇಳಿಕೊಂಡ ಪ್ರಶ್ನೆ ಇಷ್ಟೇ: ವಾದಕನ ಕೈಗೆ ಇನ್ನೇನು ಕೊಡಬಹುದು? ಮನೆಯ ಮೂಲೆಯಲ್ಲಿ ಗಿಟಾರ್ ಇದ್ದು, ಅದರ ಟೋನ್ ನಾಬ್ 10ರಲ್ಲೇ ನಿಂತಿದ್ದರೆ, ಇಂದು ಒಮ್ಮೆ ನಿಧಾನವಾಗಿ 6ಕ್ಕೆ ಇಳಿಸಿ ನುಡಿಸಿ ನೋಡಿ. ಅದೇ ತಂತಿ, ಅದೇ ಬೆರಳು. ದನಿ ಮಾತ್ರ ಬೇರೆ.