ಮನೆಮಂದಿಗೆ ನಗೆಯುಣಿಸಿದ ಶಂಕರ್ ನಾಗ್

ಶಂಕರ್ ನಾಗ್ 1954ರ ನವೆಂಬರ್ 9ರಂದು ಉತ್ತರ ಕನ್ನಡದ ಹೊನ್ನಾವರ ತಾಲೂಕಿನಲ್ಲಿ ಜನಿಸಿದರು. ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿ, 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ನಟರಾಗಿ ಕನ್ನಡಕ್ಕೆ ಬಂದರು. 1980ರ ‘ಮಿಂಚಿನ ಓಟ’ದಿಂದ ನಿರ್ದೇಶಕರಾದರು.

ಜನರು ಮೆಚ್ಚಿದ್ದು ಹೊಡೆದಾಟದ ನಾಯಕನನ್ನು; ನಿರ್ದೇಶಕರಾಗಿ ಅವರು ತಿಳಿಹಾಸ್ಯಕ್ಕೂ ಒಲಿದರು. ‘ನೋಡಿ ಸ್ವಾಮಿ ನಾವಿರೋದು ಹೀಗೆ’ ಎಂಬ ನಗೆಚಿತ್ರ ಅವರದೇ. ಆರ್. ಕೆ. ನಾರಾಯಣರ ಕಥೆಗಳನ್ನು ಆಗುಂಬೆಯಲ್ಲಿ ಚಿತ್ರೀಕರಿಸಿ, ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ನೀಡಿದರು. ತಂದೆಗೆ ಅಂಜಿ ಅಜ್ಜಿಯ ಆಸರೆ ಬಯಸುವ ಬಾಲಕ ಸ್ವಾಮಿಯಲ್ಲಿ ಸೇಡಂ, ಚಿತ್ತಾಪುರದ ತಾಯಂದಿರೂ ತಮ್ಮ ಮಗನನ್ನೇ ಕಾಣಬಲ್ಲರು. ಯಾರನ್ನೂ ಹೀಯಾಳಿಸದ ನಗೆಯದು.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪ ಕಾರು ಅಪಘಾತದಲ್ಲಿ ಅಸುನೀಗಿದಾಗ ಅವರಿಗೆ 35 ವರ್ಷ. ಬಾಳು ಕಿರಿದಾಯಿತು, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕುಳಿತು ಸವಿಯುವ ಆ ನಗೆ ಮಾತ್ರ ಉಳಿಯಿತು.