ತೆರೆದ ಬಾಗಿಲು: ಪಂಡಿತ ರಮಾಬಾಯಿಯವರ ಜೀವಚರಿತ್ರೆ

ಭಾನುವಾರದ ಆರಾಧನೆಯಲ್ಲಿ ಕ್ರಿಸ್ತನ ಹೆಸರನ್ನು ಹೇಳಿಕೊಳ್ಳುವುದು ನಮಗೆ ಕಷ್ಟವಲ್ಲ. ಸೋಮವಾರ ದುಡಿಮೆಯ ಸ್ಥಳದಲ್ಲಿ ಆತನವರಾಗಿ ನಡೆಯುವುದೇ ಕಷ್ಟ. ಗೋಕಾಕದ ಗಿರಣಿಗೆ ಹೋಗುವವರೂ ಮೂಡಲಗಿಯ ಸಂತೆಯಲ್ಲಿ ವ್ಯಾಪಾರ ಮಾಡುವವರೂ ಹುಕ್ಕೇರಿಯ ಕಚೇರಿಗಳಲ್ಲಿ ಸೇವೆಯಲ್ಲಿರುವವರೂ ಇದನ್ನು ಬಲ್ಲರು. ಸಂಬಳ ಕೊಡುವವರಿಗೆ ಕೊಟ್ಟ ಮಾತನ್ನು ಮೀರದೆ, ಕರ್ತನನ್ನೂ ಮರೆಮಾಡದೆ ಇರುವುದು ಹೇಗೆ? ನಮ್ಮ ಕನ್ನಡ ನಾಡಿನಲ್ಲಿಯೇ ಹುಟ್ಟಿದ ಪಂಡಿತ ರಮಾಬಾಯಿಯವರ ಜೀವಿತವು ಇದಕ್ಕೆ ಒಳ್ಳೆಯ ಉತ್ತರವಾಗಿದೆ.

ರಮಾಬಾಯಿಯವರು 1858ನೆಯ ಇಸವಿ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಗ್ರಾಮದವರು. ಸ್ತ್ರೀಯರಿಗೆ ಸಂಸ್ಕೃತವನ್ನು ಕಲಿಸಬಾರದೆಂದು ಜನರು ಆಕ್ಷೇಪಿಸಿದರೂ ಅವರು ತಮ್ಮ ಹೆಂಡತಿಗೆ ಅದನ್ನು ಕಲಿಸಿದರು. ಆ ತಾಯಿಯೇ ಮಗಳಿಗೆ ಗುರುವಾದರು. ಸರಿಯೆಂದು ಕಂಡದ್ದನ್ನು ಲೋಕಕ್ಕೆ ಅಂಜಿ ಬಿಡಬಾರದೆಂಬ ಪಾಠವು ಹೀಗೆ ಮನೆಯಲ್ಲಿಯೇ ದೊರೆಯಿತು. ಬರಗಾಲದಲ್ಲಿ ತಂದೆತಾಯಿಗಳು ತೀರಿಕೊಂಡರು. ಅಣ್ಣನೊಡನೆ ದೇಶವನ್ನು ಸುತ್ತಿ, 1878ರಲ್ಲಿ ಕಲಕತ್ತೆಗೆ ಬಂದಾಗ ಅಲ್ಲಿಯ ವಿದ್ವಾಂಸರು ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದು ಕೊಟ್ಟರು. 1880ರಲ್ಲಿ ವಿವಾಹವಾಯಿತು, 1882ರಲ್ಲಿ ಪತಿಯು ತೀರಿಹೋಗಲು, ಕೈಗೂಸಾದ ಮನೋರಮೆಯೊಡನೆ ಅವರು ವಿಧವೆಯಾಗಿ ಉಳಿದರು.

1883ರಲ್ಲಿ ಇಂಗ್ಲೆಂಡಿಗೆ ಹೋಗಿ, ಅದೇ ವರುಷ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿದರು. ಅನಂತರ ಅಮೇರಿಕದಲ್ಲಿ ಭಾರತದ ವಿಧವೆಯರ ದುಃಖವನ್ನು ವಿವರಿಸಲು, ಅವರ ಕಾರ್ಯಕ್ಕೆ ಹತ್ತು ವರುಷ ಹಣವೊದಗಿಸುವುದಕ್ಕಾಗಿ 1887ರಲ್ಲಿ ಬಾಸ್ಟನ್ ಪಟ್ಟಣದಲ್ಲಿ ಒಂದು ಮಂಡಳಿಯು ಸ್ಥಾಪನೆಯಾಯಿತು. ಆದರೆ ಒಂದು ಕಟ್ಟಳೆಯಿತ್ತು: ಶಾಲೆಯಲ್ಲಿ ಯಾವ ಮತವನ್ನೂ ಬೋಧಿಸಬಾರದು. ರಮಾಬಾಯಿಯವರು ಇದಕ್ಕೆ ಒಪ್ಪಿ, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು, ಮರುವರುಷ ಅದನ್ನು ಪುಣೆಗೆ ಸಾಗಿಸಿದರು.

ಒಪ್ಪಿದ ಮಾತನ್ನು ಅವರು ಅಕ್ಷರಶಃ ಪಾಲಿಸಿದರು. ಹುಡುಗಿಯರು ತಮ್ಮ ತಮ್ಮ ಆಚಾರಗಳಂತೆ ನಡೆಯಬಹುದಾಗಿತ್ತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದೂಬಾಯಿಯವರು ಹಿಂದೂ ಧರ್ಮದಲ್ಲಿಯೇ ಉಳಿದು, 1893ರಲ್ಲಿ ಸಮಾಜ ಸುಧಾರಕರಾದ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಆದರೆ ಕ್ರಿಸ್ತನ ಶಿಷ್ಯೆಯೆಂಬುದನ್ನು ಬಚ್ಚಿಡುವೆನೆಂದು ರಮಾಬಾಯಿಯವರು ಯಾರಿಗೂ ಮಾತು ಕೊಟ್ಟಿರಲಿಲ್ಲ. ಪ್ರತಿದಿನವೂ ತಮ್ಮ ಕೋಣೆಯಲ್ಲಿ ಮಗಳೊಡನೆ ಸತ್ಯವೇದವನ್ನೋದಿ ಪ್ರಾರ್ಥಿಸುತ್ತಿದ್ದರು. ಬಾಗಿಲು ಮಾತ್ರ ತೆರೆದೇ ಇರುತ್ತಿತ್ತು. ಅವರು ಯಾರನ್ನೂ ಕರೆಯಲಿಲ್ಲ, ಬಂದವರನ್ನು ಅಟ್ಟಲೂ ಇಲ್ಲ. ಕೆಲವು ಹುಡುಗಿಯರು ತಾವಾಗಿಯೇ ಬಂದು ಕೂಡತೊಡಗಿದರು.

ಇದರಿಂದ ಪುಣೆಯಲ್ಲಿ ದೊಡ್ಡ ಗದ್ದಲವೆದ್ದಿತು. ಪತ್ರಿಕೆಗಳು ಖಂಡಿಸಿದವು. 1893ರಲ್ಲಿ ರಾನಡೆ, ಭಾಂಡಾರಕರ ಮೊದಲಾದ ಗೌರವಸ್ಥರು ಸಲಹಾ ಸಮಿತಿಯನ್ನು ಬಿಟ್ಟರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಪೋಷಕರು ಕರೆದೊಯ್ದರು. ವಿಧವೆಯರಿಗೆ ಆಸರೆಯು ವಿರಳವಾಗಿದ್ದ ಕಾಲದಲ್ಲಿ ಶಾಲೆಯೇ ಮುಚ್ಚಿಹೋಗುವ ಭಯವಿತ್ತು. ಕೋಣೆಯ ಬಾಗಿಲಿಗೆ ಅಗುಳಿ ಹಾಕಿದ್ದರೆ ಗದ್ದಲವು ಅಡಗುತ್ತಿತ್ತೇನೋ, ರಮಾಬಾಯಿಯವರು ಹಾಕಲಿಲ್ಲ. ಹಾಗೆಂದು ಹಟದಿಂದ ಕಟ್ಟಳೆಯನ್ನು ಮುರಿದು ಪಾಠಗಳಲ್ಲಿ ಮತಬೋಧೆಗೆ ತೊಡಗಲೂ ಇಲ್ಲ. ಅಮೇರಿಕದ ಮಂಡಳಿಯವರು ವಿಚಾರಣೆ ಮಾಡಿ, ಅವರ ಮೇಲೆ ಭರವಸೆಯಿಟ್ಟು ಸಹಾಯವನ್ನು ಮುಂದುವರಿಸಿದರು.

ಹತ್ತು ವರುಷಗಳ ಒಪ್ಪಂದವು 1898ರಲ್ಲಿ ಮುಗಿಯಿತು. ಆ ಬಳಿಕವೇ ಪುಣೆಯ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಸದನವನ್ನು ಬಹಿರಂಗವಾದ ಕ್ರೈಸ್ತ ಸಂಸ್ಥೆಯಾಗಿ ನಡೆಯಿಸಿದರು. ಅದಕ್ಕೆ ಮೊದಲೇ, 1896-97ರ ಬರದಲ್ಲಿ ಮಧ್ಯಪ್ರಾಂತದಿಂದ ಸುಮಾರು 300 ಮಂದಿ ಹೆಣ್ಣುಮಕ್ಕಳನ್ನು ಕರೆತಂದು ಸಲಹಿದ್ದರು. ಮುಕ್ತಿಯಲ್ಲಿ ಆಶ್ರಯ ಪಡೆದವರು ನೇಯ್ಗೆ, ಎಣ್ಣೆ ತೆಗೆಯುವುದು, ಅಚ್ಚಿನ ಕೆಲಸ ಮೊದಲಾದ ಕಸುಬುಗಳನ್ನು ಕಲಿತು ಸ್ವಂತ ಕೈಗಳಿಂದ ದುಡಿದು ಉಂಡರು. ನಮ್ಮ ಕಲಬುರ್ಗಿಯಲ್ಲಿಯೂ ರಮಾಬಾಯಿಯವರು ಒಂದು ಶಾಲೆಯನ್ನು ಸ್ಥಾಪಿಸಿದರು. ಕೊನೆಯ ವರುಷಗಳಲ್ಲಿ ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನು ಮೂಲ ಭಾಷೆಗಳಿಂದ ತರ್ಜುಮೆ ಮಾಡಿ, 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು.

ಅರಸನ ಸೇವೆಯಲ್ಲಿದ್ದ ದಾನಿಯೇಲನು ಯೆರೂಸಲೇಮಿನ ಕಡೆಗೆ ಕಿಟಕಿಗಳನ್ನು ತೆರೆದು ಪ್ರಾರ್ಥಿಸಿದ್ದು ನಮಗೆ ತಿಳಿದದ್ದೇ. ಅವನ ಕೆಲಸದಲ್ಲಿ ವೈರಿಗಳಿಗೆ ತಪ್ಪು ಸಿಕ್ಕಲಿಲ್ಲವೆಂಬುದನ್ನೂ ನಾವು ಮರೆಯಬಾರದು. ಒಪ್ಪಿಕೊಂಡ ಕೆಲಸವನ್ನು ಅರೆಬರೆ ಮಾಡುವವನ ಪ್ರಾರ್ಥನೆಯು ಜೊತೆಯವರಿಗೆ ನಗೆಪಾಟಲಾದೀತು. ತೂಕದಲ್ಲಿ ಮೋಸವಿಲ್ಲದೆ, ಹಾಜರಿಯಲ್ಲಿ ಸುಳ್ಳಿಲ್ಲದೆ, ಲಂಚಕ್ಕೆ ಕೈಯೊಡ್ಡದೆ ದುಡಿಯೋಣ. ಊಟದ ಬುತ್ತಿಯನ್ನು ಬಿಚ್ಚುವಾಗ ತಲೆಬಾಗಿ ಸ್ತೋತ್ರ ಮಾಡುವುದಕ್ಕೆ ನಾಚದಿರೋಣ. ಯಾರನ್ನೂ ಬಲವಂತಪಡಿಸುವುದು ಬೇಡ. ಬಾಗಿಲನ್ನು ಮುಚ್ಚುವುದೂ ಬೇಡ. ಕರ್ತನು ನಮಗೆ ಈ ಧೈರ್ಯವನ್ನೂ ಈ ಪ್ರಾಮಾಣಿಕತೆಯನ್ನೂ ಅನುಗ್ರಹಿಸಲಿ.